ಹೇಮಾವತಿಯ ತೂಬಿನಿಂದ ಗಂಗೆಯ ಒಪ್ಪಂದದವರೆಗೆ

(ಹೊಸದಾಗಿ ಆಯ್ಕೆಯಾದ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಹಾಸನ ಜಿಲ್ಲೆಯಲ್ಲಿ ನಡೆದ ಶಿಬಿರವೊಂದರಲ್ಲಿ ಮಾಡಿದ ಉಪನ್ಯಾಸ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದು, ಉಳಿದದ್ದನ್ನು ಆಡಿದ ಕ್ರಮದಲ್ಲಿಯೇ ಇಟ್ಟಿದ್ದೇನೆ.)

ವೇದಿಕೆಯ ಮೇಲಿರುವ ಹಿರಿಯರಿಗೂ ಮುಂದೆ ಕುಳಿತಿರುವ ಸದಸ್ಯ ಬಂಧುಗಳಿಗೂ ನಮಸ್ಕಾರ.

ಬೆಳಗಿನಿಂದ ನೀವು ಕ್ರಿಯಾ ಯೋಜನೆ, ಅನುದಾನ, ಸ್ಥಾಯಿ ಸಮಿತಿ, ಗ್ರಾಮಸಭೆಯ ಕೋರಂ ಇವುಗಳ ಬಗ್ಗೆ ಕೇಳಿದ್ದೀರಿ. ಊಟದ ನಂತರದ ಈ ಹೊತ್ತಿಗೆ ನನಗೆ ಕೊಟ್ಟಿರುವ ವಿಷಯ, ಜನಪ್ರತಿನಿಧಿಯೊಬ್ಬ ಸ್ಥಳೀಯ ಸಂಸ್ಥೆಯಿಂದ ಸಂಸತ್ತಿನವರೆಗೆ ಬೆಳೆಯುವ ಬಗೆ. ಇದನ್ನು ಬರಿಯ ತತ್ವವಾಗಿ ಹೇಳಲು ನನಗೆ ಮನಸ್ಸಿಲ್ಲ. ಈ ಜಿಲ್ಲೆಯ ಮಣ್ಣಿನಲ್ಲೇ ಹುಟ್ಟಿ, ತಾಲ್ಲೂಕು ಬೋರ್ಡಿನ ಸದಸ್ಯರಾಗಿ, ಕೊನೆಗೆ ಕೆಂಪುಕೋಟೆಯ ಮೇಲೆ ಧ್ವಜ ಹಾರಿಸಿದ ಒಬ್ಬರ ಬದುಕನ್ನು ಮುಂದಿಟ್ಟುಕೊಂಡು ಮಾತನಾಡುತ್ತೇನೆ. ಅವರು ಹರದನಹಳ್ಳಿ ದೊಡ್ಡೇಗೌಡ ದೇವೇಗೌಡರು.

ಇಲ್ಲಿ ಅವರ ಪಕ್ಷವನ್ನು ಮೆಚ್ಚಿದವರಿದ್ದೀರಿ, ಮೆಚ್ಚದವರೂ ಇದ್ದೀರಿ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವಂಥದ್ದು. ಈ ಒಂದು ಗಂಟೆ ನಾವೂ ಹಾಗೆಯೇ ಚಿಹ್ನೆಗಳನ್ನು ಬದಿಗಿಟ್ಟು ಕೂರೋಣ. ನನಗೆ ಅವರ ಬಗ್ಗೆ ಗೌರವವಿದೆ, ತಕರಾರೂ ಇದೆ. ಎರಡನ್ನೂ ಹೇಳುತ್ತೇನೆ.

ಮೊದಲು ನಮ್ಮ ಊರಿನ ನೀರಿನ ಒಂದು ಜಗಳವನ್ನು ಹೇಳಬೇಕು. ನಾನು ಹುಟ್ಟಿದ್ದು ನಾಲೆಯ ಕೊನೆಯ ಊರಿನಲ್ಲಿ. ಹಳೆಯ ಕಾಲದ ಅಣೆಯಿಂದ ಬರುವ ಆ ನಾಲೆ ಮೇಲಿನ ಐದಾರು ಊರುಗಳನ್ನು ದಾಟಿ ನಮ್ಮ ಗದ್ದೆಯನ್ನು ಮುಟ್ಟುವ ಹೊತ್ತಿಗೆ ಪಾದ ಮುಳುಗುವಷ್ಟು ನೀರಿದ್ದರೆ ಪುಣ್ಯ. ಭತ್ತ ಹೊಡೆಯಾಗುವ ಕಾಲದಲ್ಲಿ ಒಂದು ರಾತ್ರಿ ಅಪ್ಪನ ಜೊತೆ ಲಾಟೀನು ಹಿಡಿದು ನಾಲೆಯ ಏರಿಯ ಮೇಲೆ ನಡೆದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಲಿನ ಊರಿನ ತೂಬಿನ ಬಳಿ ಯಾರೋ ನಾಲೆಗೆ ಅಡ್ಡಲಾಗಿ ಹುಲ್ಲಿನ ಪಿಂಡಿಗಳನ್ನು ತುರುಕಿ, ಮೇಲೆ ಕಲ್ಲು ಹೇರಿ, ಸಂದಿಗಳಿಗೆ ಕೆಸರು ಮೆತ್ತಿದ್ದರು. ನೀರೆಲ್ಲ ಅವರ ತೂಬಿನೊಳಗೆ ಗುಳುಗುಳು ಎಂದು ನುಗ್ಗುತ್ತಿತ್ತು. ಅಪ್ಪ ಆ ಕಲ್ಲಿಗೆ ಕೈ ಹಾಕಲಿಲ್ಲ. ನೀರುಗಂಟಿಯನ್ನು ಎಬ್ಬಿಸಿ ಕರೆದುಕೊಂಡು ಬಂದರು. ಅವನು ಕಲ್ಲು ಕಿತ್ತ. ಬೆಳಕು ಹರಿಯುವಷ್ಟರಲ್ಲಿ ಎರಡೂ ಊರಿನವರು ಗುದ್ದಲಿ ಹಿಡಿದು ಏರಿಯ ಮೇಲೆ ನಿಂತಿದ್ದರು.

ಆಗ ತಾಲ್ಲೂಕು ಬೋರ್ಡಿನ ಮೆಂಬರೊಬ್ಬರು ಸೈಕಲ್ಲಿನಲ್ಲಿ ಬಂದರು. ಅವರು ಭಾಷಣ ಮಾಡಲಿಲ್ಲ. ಮೇಲಿನ ಊರಿನ ಅಚ್ಚುಕಟ್ಟು ಎಷ್ಟು ಎಕರೆ, ನಮ್ಮದು ಎಷ್ಟು, ಯಾರ ಭತ್ತ ಹೊಡೆಯಾಗಿದೆ, ಯಾರ ನಾಟಿ ತಡವಾಗಿದೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಆಮೇಲೆ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು, ಇಷ್ಟು ದಿನ ಅವರಿಗೆ, ಇಷ್ಟು ದಿನ ನಿಮಗೆ ಎಂದು ಸರದಿ ಹಾಕಿದರು. ಗುದ್ದಲಿಗಳು ಹೆಗಲಿಗೇರಿದವು. ಆ ಗೆರೆಯನ್ನು ನೀವು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದೇವೇಗೌಡರು ಹುಟ್ಟಿದ್ದು 1933ರ ಮೇ 18ರಂದು, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ. ಒಕ್ಕಲು ಮನೆತನ. ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದರು. ಅವರ ಮುಂದಿನ ಬದುಕಿಗೆ ಆ ಡಿಪ್ಲೊಮಾ ಬಹಳ ಒದಗಿತು ಎಂದು ನಾನು ನಂಬಿದ್ದೇನೆ. ಅಂದಾಜುಪಟ್ಟಿ, ಅಳತೆ ಪುಸ್ತಕ, ನಾಲೆಯ ಇಳಿಜಾರು ಇವು ಅರ್ಥವಾಗುವ ರಾಜಕಾರಣಿಯ ಮುಂದೆ ಎಂಜಿನಿಯರುಗಳು ಸುಮ್ಮನೆ ‘ಆಗುವುದಿಲ್ಲ ಸಾರ್’ ಎಂದು ಹೇಳಿ ಎದ್ದು ಹೋಗುವುದಕ್ಕೆ ಆಗುವುದಿಲ್ಲ.

ಅವರ ಸಾರ್ವಜನಿಕ ಜೀವನ ಶುರುವಾದದ್ದು ಎರಡು ಸಣ್ಣ ಜಾಗಗಳಲ್ಲಿ. ಒಂದು, ಹೊಳೆನರಸೀಪುರದ ಆಂಜನೇಯ ಸಹಕಾರ ಸಂಘದ ಅಧ್ಯಕ್ಷತೆ. ಇನ್ನೊಂದು, ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯತ್ವ. ಈ ಮಂಡಳಿ ಎಂದರೇನು ಎಂದು ನಿಮ್ಮಲ್ಲಿ ಕಿರಿಯರಿಗೆ ತಿಳಿದಿರಲಿಕ್ಕಿಲ್ಲ. 1959ರಲ್ಲಿ ಮೈಸೂರು ರಾಜ್ಯ ಗ್ರಾಮ ಪಂಚಾಯಿತಿಗಳು ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆಯನ್ನು ತಂದಿತು. ಊರಿಗೆ ಗ್ರಾಮ ಪಂಚಾಯಿತಿ, ತಾಲ್ಲೂಕಿಗೆ ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು ಎಂಬ ವ್ಯವಸ್ಥೆ ಅದರಿಂದ ಬಂತು. ಜನರ ಬಾಯಲ್ಲಿ ಅದು ‘ತಾಲ್ಲೂಕು ಬೋರ್ಡು’. ಬಾವಿ, ರಸ್ತೆ, ಶಾಲೆಯ ಕಟ್ಟಡ, ದನದ ಆಸ್ಪತ್ರೆ, ಇಂಥವೇ ಅಲ್ಲಿನ ಮಾತು. ಸಹಕಾರ ಸಂಘದಲ್ಲಿ ಕೂತವರಿಗೆ ಸಾಲ ತೀರಿಸಲಾಗದ ರೈತನ ಮುಖ ಗೊತ್ತಿರುತ್ತದೆ. ತಾಲ್ಲೂಕು ಬೋರ್ಡಿನಲ್ಲಿ ಕೂತವರಿಗೆ ಮಂಜೂರಾದ ಹಣ ಯಾವ ಮೇಜಿನ ಮೇಲೆ ನಿಲ್ಲುತ್ತದೆ ಎಂಬುದು ಗೊತ್ತಿರುತ್ತದೆ. ಈ ಎರಡು ತಿಳಿವಳಿಕೆ ಇಲ್ಲದೆ ನೇರವಾಗಿ ವಿಧಾನಸಭೆಗೆ ಹೋದವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಸಭೆಯಲ್ಲಿ ಅವರ ದನಿ ದೊಡ್ಡದಿರುತ್ತದೆ, ಕೇಳುವ ಪ್ರಶ್ನೆಗೆ ಮಾತ್ರ ತೂಕವಿರುವುದಿಲ್ಲ.

1962ರ ಚುನಾವಣೆ ಬಂತು. 1953ರಿಂದ ಕಾಂಗ್ರೆಸ್ಸಿನಲ್ಲಿದ್ದವರು ಆ ವರ್ಷ ಪಕ್ಷವನ್ನು ಬಿಟ್ಟು ಹೊಳೆನರಸೀಪುರದಿಂದ ಪಕ್ಷೇತರರಾಗಿ ನಿಂತು ಗೆದ್ದರು. ವಯಸ್ಸು ಇಪ್ಪತ್ತೆಂಟು. ಅಲ್ಲಿಂದ ಮುಂದೆ ಅದೇ ಕ್ಷೇತ್ರದಿಂದ 1967, 1972, 1978, 1983, 1985 ಎಂದು ಒಂದೂ ಚುನಾವಣೆ ತಪ್ಪದೆ ಗೆದ್ದು ಬಂದರು.

ಈ ಜಾಗದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಶಾಸಕನನ್ನು ಶಾಸಕನನ್ನಾಗಿ ಮಾಡುವ ಕೆಲಸ ನಡೆಯುವುದು ಇಲ್ಲಿಯೇ, ಮತ್ತು ಇದು ಪತ್ರಿಕೆಯಲ್ಲಿ ಬರುವುದು ಕಡಿಮೆ. ಬೆನ್ನ ಹಿಂದೆ ಪಕ್ಷವಿಲ್ಲದ ಹೊಸ ಸದಸ್ಯನಿಗೆ ಸದನದಲ್ಲಿ ಮಾತನಾಡಲು ಸಿಗುವ ಸಮಯ ಬಹಳ ಕಡಿಮೆ. ಸಮಯವನ್ನು ಪಕ್ಷಗಳ ಬಲ ನೋಡಿ ಹಂಚುತ್ತಾರೆ. ಅವನ ಕೈಯಲ್ಲಿ ಉಳಿಯುವುದು ನಿಯಮಾವಳಿ ಪುಸ್ತಕ ಕೊಟ್ಟಿರುವ ಸಾಧನಗಳು. ಚುಕ್ಕೆ ಗುರುತಿನ ಪ್ರಶ್ನೆಯನ್ನು ಕೇಳಿದರೆ ಮಂತ್ರಿ ಎದ್ದುನಿಂತು ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಉತ್ತರ ಲಿಖಿತವಾಗಿ ಬರುತ್ತದೆ. ಗಮನ ಸೆಳೆಯುವ ಸೂಚನೆ, ಖಾಸಗಿ ಸದಸ್ಯರ ನಿರ್ಣಯ, ಬೇಡಿಕೆಗಳ ಮೇಲಿನ ಚರ್ಚೆಯಲ್ಲಿ ಕಡಿತ ಸೂಚನೆ, ಇವೆಲ್ಲವೂ ಇವೆ. ಒಂದು ಇಲಾಖೆಯ ಬೇಡಿಕೆಯಿಂದ ಕೇವಲ ನೂರು ರೂಪಾಯಿಯನ್ನು ಕಡಿಮೆ ಮಾಡಬೇಕು ಎಂದು ಸೂಚನೆ ಕೊಡುವ ಕ್ರಮವಿದೆ. ನೂರು ರೂಪಾಯಿ ಉಳಿಸುವುದು ಅದರ ಗುರಿಯಲ್ಲ. ಆ ನೆಪದಲ್ಲಿ ‘ನಮ್ಮ ತಾಲ್ಲೂಕಿನ ನಾಲೆಯ ದುರಸ್ತಿ ಏಕೆ ಆಗಿಲ್ಲ’ ಎಂಬ ಒಂದೇ ಸಂಗತಿಯನ್ನು ಹಿಡಿದು ಮಂತ್ರಿಯಿಂದ ಮಾತು ಹೊರಡಿಸಬಹುದು.

ಪ್ರಶ್ನೆಯನ್ನು ಬರೆಯುವುದೂ ಒಂದು ವಿದ್ಯೆ. ‘ರೈತರಿಗೆ ನೀರು ಸಿಗುತ್ತಿಲ್ಲ, ಸರ್ಕಾರ ಏನು ಮಾಡುತ್ತಿದೆ’ ಎಂದು ಕೇಳಿದರೆ ‘ಸೂಕ್ತ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಉತ್ತರ ಬರುತ್ತದೆ. ಇಂಥ ನಾಲೆ, ಇಂಥ ಮೈಲಿ, ಇಷ್ಟನೇ ಸಂಖ್ಯೆಯ ತೂಬು, ಮಂಜೂರಾದ ಹಣ ಎಷ್ಟು, ಖರ್ಚಾದದ್ದು ಎಷ್ಟು, ಕೆಲಸ ಮುಗಿಯಬೇಕಿದ್ದ ತಾರೀಖು ಯಾವುದು ಎಂದು ಕೇಳಿದರೆ ಕೆಳಗಿನ ಕಚೇರಿಯವರೆಗೂ ಕಡತ ಓಡುತ್ತದೆ. ದೇವೇಗೌಡರು ವಿಧಾನಮಂಡಲದ ಗ್ರಂಥಾಲಯದಲ್ಲಿ ಕೂತು ಓದುತ್ತಿದ್ದುದನ್ನು ಅವರ ಸಮಕಾಲೀನರು ಒಪ್ಪುತ್ತಾರೆ. ನಾನೂ ಪಾಠ ಹೇಳುತ್ತಿದ್ದ ದಿನಗಳಲ್ಲಿ ವಿಧಾನಸಭೆಯ ನಡವಳಿಗಳ ಹಳೆಯ ಸಂಪುಟಗಳನ್ನು ದಿನಗಟ್ಟಲೆ ತಿರುವಿದ್ದೇನೆ. ದಪ್ಪ ರಟ್ಟು, ಅಂಚು ಒರಟಾದ ಹಾಳೆ, ಬೆರಳಿಗೆ ಹತ್ತುವ ಧೂಳು. ಅಂಕಿಅಂಶಗಳನ್ನು ಹಿಡಿದು ಎದ್ದುನಿಂತ ಸದಸ್ಯ ಯಾರು, ಕೈಬೀಸಿ ಮಾತನಾಡಿ ಕೂತವರು ಯಾರು ಎಂಬುದು ಆ ಪುಟಗಳಲ್ಲಿ ಒಂದು ನೋಟಕ್ಕೇ ಗೊತ್ತಾಗುತ್ತದೆ.

1962ರಿಂದ ಮುಂದಿನ ಹತ್ತು ಹದಿನೈದು ವರ್ಷ ನಮ್ಮ ಭಾಗದ ದೊಡ್ಡ ಪ್ರಶ್ನೆ ಕಾವೇರಿ ಕಣಿವೆಯ ಅಣೆಕಟ್ಟುಗಳದ್ದು. ಮದ್ರಾಸಿನ ಜೊತೆ ಮಾಡಿಕೊಂಡಿದ್ದ 1924ರ ಒಪ್ಪಂದ ಮೈಸೂರಿನ ಕೈಯನ್ನು ಬಹಳವಾಗಿ ಕಟ್ಟಿಹಾಕಿತ್ತು. ಹಾರಂಗಿ, ಹೇಮಾವತಿ, ಕಬಿನಿ ಯೋಜನೆಗಳಿಗೆ ಯೋಜನಾ ಆಯೋಗದ ಒಪ್ಪಿಗೆ ಸಿಗಲಿಲ್ಲ. ರಾಜ್ಯ ತನ್ನ ಬೊಕ್ಕಸದ ಹಣದಲ್ಲಿಯೇ ಕೆಲಸ ಹಿಡಿಯಬೇಕಾಯಿತು. ಗೊರೂರಿನ ಬಳಿ ಹೇಮಾವತಿ ಅಣೆಕಟ್ಟಿನ ಕಾಮಗಾರಿ 1968ರಲ್ಲಿ ಶುರುವಾಗಿ 1979ರಲ್ಲಿ ಮುಗಿಯಿತು. ಸುಮಾರು 37 ಟಿಎಂಸಿ ನೀರು ಹಿಡಿಯುವ ಜಲಾಶಯ ಅದು. ತಾಲ್ಲೂಕು ಬೋರ್ಡಿನಲ್ಲಿದ್ದಾಗ ಎರಡು ಊರುಗಳ ನಡುವೆ ಇದ್ದ ಪ್ರಶ್ನೆ ವಿಧಾನಸಭೆಗೆ ಬರುವ ಹೊತ್ತಿಗೆ ಎರಡು ಜಿಲ್ಲೆಗಳ, ಎರಡು ರಾಜ್ಯಗಳ ಪ್ರಶ್ನೆಯಾಗಿತ್ತು. ಸರದಿ ಹಾಕುವವರು ಯಾರು ಎಂಬುದಷ್ಟೇ ಬದಲಾಗಿತ್ತು.

ಹೇಮಾವತಿಯ ಮಾತು ಬಂದಾಗ ಶೆಟ್ಟಿಹಳ್ಳಿಯನ್ನು ಮರೆಯಬಾರದು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಅಲ್ಲಿನ ಚರ್ಚು ಮಳೆಗಾಲದಲ್ಲಿ ಹಿನ್ನೀರಿನಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ಅದರ ನೆಲ ಕಾಣುತ್ತದೆ. ಈಗ ಜನ ಅಲ್ಲಿಗೆ ಫೋಟೊ ತೆಗೆಯಲು ಹೋಗುತ್ತಾರೆ. ಆ ಹಿನ್ನೀರಿನ ಕೆಳಗೆ ಊರುಗಳಿದ್ದವು, ಕಣ ಮಾಡುತ್ತಿದ್ದ ಜಾಗಗಳಿದ್ದವು. ನಮ್ಮ ಗದ್ದೆಗೆ ಬಂದ ನೀರಿಗೆ ಯಾರೋ ಮನೆ ಬಿಟ್ಟುಕೊಟ್ಟಿದ್ದಾರೆ. ಜನಪ್ರತಿನಿಧಿಯಾದವರು ಅಣೆಕಟ್ಟಿನ ಕೆಳಗಿನವರ ಜೊತೆ ನಿಂತಷ್ಟೇ ಹೊತ್ತು ಮೇಲಿನವರ ಜೊತೆಯೂ ನಿಲ್ಲಬೇಕಾಗುತ್ತದೆ.

1969ರಲ್ಲಿ ಕಾಂಗ್ರೆಸ್ ಒಡೆದಾಗ ಅವರು ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿನ ಕಡೆ ಸೇರಿದರು. 1972ರಲ್ಲಿ ದೇವರಾಜ ಅರಸರ ನೇತೃತ್ವದಲ್ಲಿ ಇಂದಿರಾ ಕಾಂಗ್ರೆಸ್ 165 ಸ್ಥಾನ ಗೆದ್ದು ಬಂದಾಗ ಎದುರಿನಲ್ಲಿ ಸಂಸ್ಥಾ ಕಾಂಗ್ರೆಸ್ ಉಳಿದದ್ದು 24 ಸ್ಥಾನಗಳಲ್ಲಿ. ಆ 24ರ ಮುಂದೆ ವಿರೋಧ ಪಕ್ಷದ ನಾಯಕರಾಗಿ ಕೂತವರು ಮೂವತ್ತೆಂಟು ವರ್ಷದ ದೇವೇಗೌಡರು. ಅರಸರಂಥ ಮುಖ್ಯಮಂತ್ರಿಯ ಎದುರು ಸದನದಲ್ಲಿ ನಿಲ್ಲುವುದು ಸಣ್ಣ ಮಾತಲ್ಲ. ಒಬ್ಬ ಶಾಸಕನಿಗೆ ಮಂತ್ರಿಗಿರಿಗಿಂತ ವಿರೋಧ ಪಕ್ಷದ ನಾಯಕನ ಕುರ್ಚಿ ಹೆಚ್ಚು ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಮಂತ್ರಿಗೆ ಒಂದು ಇಲಾಖೆ, ವಿರೋಧ ಪಕ್ಷದ ನಾಯಕನಿಗೆ ಎಲ್ಲ ಇಲಾಖೆ. ಕಡತ ತಂದುಕೊಡುವ ಕಾರ್ಯದರ್ಶಿಯಿಲ್ಲ, ತಾನೇ ಹುಡುಕಿಕೊಳ್ಳಬೇಕು.

ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಇಟ್ಟರು. ಅಲ್ಲಿಯೂ ಅವರು ಓದಿದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಅದು. ಲೋಕೋಪಯೋಗಿ ಮತ್ತು ನೀರಾವರಿ ಖಾತೆ ದೇವೇಗೌಡರಿಗೆ ಬಂತು. ಇಪ್ಪತ್ತೊಂದು ವರ್ಷ ಪ್ರಶ್ನೆ ಕೇಳಿದ್ದ ಖಾತೆಗೆ ಈಗ ತಾವೇ ಉತ್ತರ ಹೇಳಬೇಕು. 1987ರಲ್ಲಿ ನೀರಾವರಿಗೆ ಸಾಕಷ್ಟು ಹಣ ಒದಗಿಸಲಿಲ್ಲ ಎಂದು ಪ್ರತಿಭಟಿಸಿ ಅವರು ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು. ಅದರ ಹಿಂದೆ ಪಕ್ಷದೊಳಗಿನ ಜಗಳವೂ ಇತ್ತು ಎಂದು ಹೇಳುವವರಿದ್ದಾರೆ, ಇದ್ದಿರಬಹುದು. ಆದರೆ ಒಬ್ಬ ಮಂತ್ರಿ ಆಯವ್ಯಯದ ಒಂದು ಸಾಲಿಗಾಗಿ ಕುರ್ಚಿ ಬಿಟ್ಟದ್ದನ್ನು ನಾವು ಎಷ್ಟು ಸಲ ಕಂಡಿದ್ದೇವೆ?

ಅದೇ ಸರ್ಕಾರದ ಇನ್ನೊಂದು ಕೆಲಸ ಈ ಸಭಾಂಗಣಕ್ಕೆ ನೇರವಾಗಿ ಸೇರಿದ್ದು. 1983ರಲ್ಲಿ ಅಂಗೀಕಾರವಾದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬೀಳಲು 1985 ಆಯಿತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬರು ಅದರ ಹಿಂದಿನ ಶಕ್ತಿ. ಹಳ್ಳಿ ಹಳ್ಳಿಗೆ ಕೊಳವೆಬಾವಿ ಹಾಕಿಸಿ ‘ನೀರ್ ಸಾಬ್’ ಎನಿಸಿಕೊಂಡವರು. ಆ ಕಾಯ್ದೆಯಲ್ಲಿ ಮಹಿಳೆಯರಿಗೆ ಶೇಕಡಾ 25ರಷ್ಟು ಸ್ಥಾನ ಮೀಸಲಿಟ್ಟರು. ಪಂಚಾಯಿತಿಗಳಿಗೆ ಸಂವಿಧಾನದಲ್ಲಿಯೇ ಜಾಗ ಕೊಟ್ಟ 73ನೇ ತಿದ್ದುಪಡಿಯನ್ನು ದೇಶ ಜಾರಿಗೆ ತಂದದ್ದು 1993ರಲ್ಲಿ. ಇಲ್ಲಿ ಕೂತಿರುವ ಅಕ್ಕಂದಿರೇ, ನಿಮ್ಮ ಕುರ್ಚಿಯ ಮೊದಲ ಕಾಲನ್ನು ಕಡೆದವರು ಆ ದಿನಗಳ ವಿಧಾನಸಭೆಯಲ್ಲಿದ್ದವರು.

1989ರಲ್ಲಿ ಜನತಾ ಪರಿವಾರ ಒಡೆದು ಹೋಳಾಗಿತ್ತು. ದೇವೇಗೌಡರಿದ್ದ ಬಣಕ್ಕೆ ರಾಜ್ಯದಲ್ಲಿ ಬಂದದ್ದು ಎರಡು ಸ್ಥಾನ. ಅವರು ಹೊಳೆನರಸೀಪುರದಲ್ಲಿಯೇ ಸೋತರು. ಇಪ್ಪತ್ತೇಳು ವರ್ಷ ಗೆಲ್ಲಿಸಿದ ಊರು ಬೇಡ ಎಂದಿತು. ಎರಡೇ ವರ್ಷದಲ್ಲಿ, 1991ರಲ್ಲಿ, ಹಾಸನದಿಂದ ಲೋಕಸಭೆಗೆ ಗೆದ್ದರು. ಆ ವರ್ಷವೇ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಬಿಡಬೇಕೆಂಬ ಮಧ್ಯಂತರ ಆದೇಶ ಕೊಟ್ಟಿತು. ನಮ್ಮ ನಾಲೆಯ ಜಗಳ ಹೀಗೆ ದೆಹಲಿಯಲ್ಲಿಯೂ ಅವರ ಎದುರಿಗೆ ಬಂತು.

1994ರ ಡಿಸೆಂಬರ್ 11ರಂದು ಅವರು ಮುಖ್ಯಮಂತ್ರಿಯಾದರು. ಜನತಾದಳಕ್ಕೆ 224ರಲ್ಲಿ 115 ಸ್ಥಾನ ಬಂದಿತ್ತು, ಅವರು ರಾಮನಗರದಿಂದ ಗೆದ್ದಿದ್ದರು. ಆ ಹದಿನೆಂಟು ತಿಂಗಳ ಆಡಳಿತದ ಬಗ್ಗೆ ಬೇರೆಯದೇ ಉಪನ್ಯಾಸ ಬೇಕು, ಈಗ ಅದನ್ನು ಬಿಡುತ್ತೇನೆ.

1996ರ ಮೇ ತಿಂಗಳು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು. ಲೋಕಸಭೆಯಲ್ಲಿ ಯಾರಿಗೂ ಬಹುಮತವಿಲ್ಲ. ವಾಜಪೇಯಿಯವರ ಸರ್ಕಾರ ಹದಿಮೂರು ದಿನಕ್ಕೆ ರಾಜೀನಾಮೆ ಕೊಟ್ಟಿತು. ಪ್ರಾದೇಶಿಕ ಪಕ್ಷಗಳು, ಎಡಪಕ್ಷಗಳು, ಜನತಾದಳ ಸೇರಿ ಸಂಯುಕ್ತ ರಂಗ ಕಟ್ಟಿಕೊಂಡಿದ್ದವು. ವಿ.ಪಿ. ಸಿಂಗ್ ಬೇಡ ಎಂದರು. ಜ್ಯೋತಿ ಬಸು ಅವರಿಗೆ ಅವರ ಪಕ್ಷವೇ ಒಪ್ಪಿಗೆ ಕೊಡಲಿಲ್ಲ. ಕರ್ನಾಟಕದ 28ರಲ್ಲಿ 16 ಸ್ಥಾನ ಗೆಲ್ಲಿಸಿಕೊಟ್ಟಿದ್ದ ಮುಖ್ಯಮಂತ್ರಿಯ ಹೆಸರು ಮುಂದೆ ಬಂತು. ಜೂನ್ 1ರಂದು ಪ್ರಮಾಣ ವಚನ. ಆ ದಿನ ಅವರು ಸಂಸತ್ತಿನ ಯಾವ ಸದನದ ಸದಸ್ಯರೂ ಆಗಿರಲಿಲ್ಲ. ಸಂವಿಧಾನ ಅದಕ್ಕೆ ಆರು ತಿಂಗಳು ಅವಕಾಶ ಕೊಡುತ್ತದೆ. ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು. ಕನ್ನಡ ಮಾತೃಭಾಷೆಯ ಒಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೊಂದೇ ಸಲ.

ಆಗಸ್ಟ್ 15ರಂದು ಕೆಂಪುಕೋಟೆಯಿಂದ ಹಿಂದಿ ಭಾಷಣವನ್ನು ಕನ್ನಡ ಲಿಪಿಯಲ್ಲಿ ಬರೆಸಿಕೊಂಡು ಓದಿದರು. ದೆಹಲಿಯಲ್ಲಿ ಕೆಲವರು ನಕ್ಕರು. ನನಗೆ ಅಂದೂ ಇಂದೂ ಅದರಲ್ಲಿ ನಗುವಂಥದ್ದು ಕಾಣುವುದಿಲ್ಲ. ತನಗೆ ಬಾರದ ಭಾಷೆಯನ್ನು ತನ್ನ ಅಕ್ಷರಗಳಲ್ಲಿ ಬರೆದುಕೊಂಡು ಇಡೀ ದೇಶದ ಮುಂದೆ ನಿಂತು ಓದುವುದಕ್ಕೆ ಎದೆ ಬೇಕು. ಆ ಭಾಷಣದಲ್ಲಿಯೇ ಅವರು ಉತ್ತರಾಖಂಡ ರಾಜ್ಯ ರಚನೆಯನ್ನು ಘೋಷಿಸಿದರು. ಅದು ಕೈಗೂಡಿದ್ದು 2000ದಲ್ಲಿ.

ಹತ್ತೂಮುಕ್ಕಾಲು ತಿಂಗಳ ಅವಧಿ. ಅದರಲ್ಲಿ ನಾನು ಆರಿಸಿಕೊಳ್ಳುವುದು ಮತ್ತೆ ನೀರಿನ ಕೆಲಸಗಳನ್ನೇ. ಅರ್ಧಕ್ಕೆ ನಿಂತ ನೀರಾವರಿ ಯೋಜನೆಗಳನ್ನು ಮುಗಿಸಲು ರಾಜ್ಯಗಳಿಗೆ ಕೇಂದ್ರ ಸಾಲ ಕೊಡುವ ತ್ವರಿತ ನೀರಾವರಿ ಲಾಭ ಯೋಜನೆ ಶುರುವಾದದ್ದು 1996–97ರಲ್ಲಿ. ನಮ್ಮ ಕೃಷ್ಣಾ ಮೇಲ್ದಂಡೆಗೂ ಅದರಿಂದ ಹಣ ಬಂತು. ಅಣೆಕಟ್ಟು ಕಟ್ಟಿ ನಾಲೆ ತೋಡದೆ ಬಿಟ್ಟರೆ ಏನಾಗುತ್ತದೆ ಎಂಬುದು ತಾಲ್ಲೂಕಿನಿಂದ ಹೋದವರಿಗೆ ಗೊತ್ತಿತ್ತು. 1997ರ ಜನವರಿ 22ರಂದು ಅಸ್ಸಾಮಿನಲ್ಲಿ ಬ್ರಹ್ಮಪುತ್ರೆಯ ಮೇಲೆ ಬೋಗಿಬೀಲ್ ಸೇತುವೆಗೆ ಅಡಿಗಲ್ಲು ಹಾಕಿದರು. ಸುಮಾರು ಐದು ಕಿಲೋಮೀಟರ್ ಉದ್ದದ ಆ ಸೇತುವೆ ಉದ್ಘಾಟನೆಯಾದದ್ದು 2018ರ ಡಿಸೆಂಬರ್ 25ರಂದು.

ಈಗ ನಾನು ನೆನಪಿಡಲು ಹೇಳಿದ್ದ ಗೆರೆಗೆ ಬರುತ್ತೇನೆ. ಗಂಗೆಯ ಮೇಲೆ ಪಶ್ಚಿಮ ಬಂಗಾಳದ ಫರಕ್ಕಾದಲ್ಲಿ ಭಾರತ ಕಟ್ಟಿದ ಬ್ಯಾರೇಜು ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೋಲ್ಕತ್ತಾ ಬಂದರಿಗೆ ಎಷ್ಟು, ಕೆಳಗಿನ ಬಾಂಗ್ಲಾದೇಶಕ್ಕೆ ಎಷ್ಟು ಎಂಬುದು ದಶಕಗಳ ಜಗಳ. 1996ರ ಡಿಸೆಂಬರ್ 12ರಂದು ದೇವೇಗೌಡರೂ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಅವರೂ ಮೂವತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಜ್ಯೋತಿ ಬಸು ಜೊತೆಗೆ ನಿಲ್ಲದಿದ್ದರೆ ಅದು ಆಗುತ್ತಿರಲಿಲ್ಲ.

ಆ ಒಪ್ಪಂದದಲ್ಲಿ ಏನಿದೆ ಎಂದು ಓದಿದರೆ ನಿಮಗೆ ನಿಮ್ಮ ಊರಿನ ನಾಲೆ ನೆನಪಾಗುತ್ತದೆ. ಜನವರಿ 1ರಿಂದ ಮೇ 31ರವರೆಗೆ, ಹತ್ತು ಹತ್ತು ದಿನಗಳ ಲೆಕ್ಕ. ಹರಿವು 70,000 ಕ್ಯೂಸೆಕ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಸರಿಪಾಲು. 70,000ದಿಂದ 75,000 ಇದ್ದರೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕೂ ಹೆಚ್ಚಿದ್ದರೆ ಭಾರತಕ್ಕೆ 40,000, ಉಳಿದದ್ದು ಅವರಿಗೆ. ಮಾರ್ಚ್ 11ರಿಂದ ಮೇ 10ರವರೆಗಿನ ಕಡುಬೇಸಿಗೆಯಲ್ಲಿ ಒಂದು ಹತ್ತು ದಿನ ಒಬ್ಬರಿಗೆ, ಮುಂದಿನ ಹತ್ತು ದಿನ ಇನ್ನೊಬ್ಬರಿಗೆ 35,000 ಕ್ಯೂಸೆಕ್ ಖಾತ್ರಿ. ಇದು ಸರದಿಯೇ ಅಲ್ಲವೇ? ಕರಡನ್ನು ಬರೆದವರು ತಜ್ಞರು, ಅಧಿಕಾರಿಗಳು, ಅದರಲ್ಲಿ ಅನುಮಾನವಿಲ್ಲ. ಆದರೆ ಮೇಲಿನವನೂ ಕೆಳಗಿನವನೂ ಒಂದೇ ಹೊತ್ತಿನಲ್ಲಿ ಬಾಯಾರಿದಾಗ ಸರದಿ ಹಾಕದೆ ಬೇರೆ ದಾರಿಯಿಲ್ಲ ಎಂಬುದನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲದ ಒಬ್ಬರು ಆ ದಿನ ಸಹಿ ಹಾಕುವ ಜಾಗದಲ್ಲಿದ್ದರು. ಕಾವೇರಿಯಲ್ಲಿ ನಾವು ಮೇಲಿನವರು. ಮೇಲಿನವರ ಕಷ್ಟವೂ ಅವರಿಗೆ ಗೊತ್ತಿತ್ತು.

ಅದೇ ವರ್ಷದ ಸೆಪ್ಟೆಂಬರ್ 12ರಂದು ಅವರ ಸರ್ಕಾರ ಲೋಕಸಭೆಯಲ್ಲಿ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಡುವ 81ನೇ ತಿದ್ದುಪಡಿ ಮಸೂದೆಯನ್ನು ಮಂಡಿಸಿತು. ಗೀತಾ ಮುಖರ್ಜಿಯವರ ಅಧ್ಯಕ್ಷತೆಯ ಜಂಟಿ ಸಮಿತಿಗೆ ಅದು ಹೋಯಿತು. ಲೋಕಸಭೆ ವಿಸರ್ಜನೆಯಾದಾಗ ಬಿದ್ದುಹೋಯಿತು. ಕಾನೂನಾಗಿ ಹೊರಬಂದದ್ದು 2023ರ ಸೆಪ್ಟೆಂಬರಿನಲ್ಲಿ. ಆಗ ದೇವೇಗೌಡರು ರಾಜ್ಯಸಭೆಯ ಸದಸ್ಯರು, ವಯಸ್ಸು ತೊಂಬತ್ತು.

ಅವರ ಸರ್ಕಾರ ನಿಂತಿದ್ದು ಕಾಂಗ್ರೆಸ್ಸಿನ ಹೊರಗಿನ ಬೆಂಬಲದ ಮೇಲೆ. 1997ರ ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಸೀತಾರಾಮ ಕೇಸರಿ ಅದನ್ನು ಹಿಂತೆಗೆದುಕೊಂಡರು. ಏಪ್ರಿಲ್ 11ರಂದು ವಿಶ್ವಾಸಮತ ಕೇಳಿದಾಗ ಪರವಾಗಿ 158, ವಿರುದ್ಧವಾಗಿ 292. ಹೊಳೆನರಸೀಪುರದಲ್ಲಿ ಅವರು ತಮ್ಮ ಕಾಲ ಮೇಲೆ ನಿಂತು ಪಕ್ಷವಿಲ್ಲದೆಯೂ ಗೆದ್ದಿದ್ದರು. ದೆಹಲಿಯಲ್ಲಿ ದೇಶದ ಅತಿ ದೊಡ್ಡ ಕುರ್ಚಿ ಸಿಕ್ಕಿತು, ನಿಲ್ಲಲು ಸ್ವಂತ ನೆಲ ಇರಲಿಲ್ಲ. ಸ್ಥಳೀಯ ಬೇರು ಮನುಷ್ಯನನ್ನು ಎಷ್ಟು ಎತ್ತರಕ್ಕೆ ಒಯ್ಯಬಲ್ಲದು, ಎಲ್ಲಿ ಸಾಲದೆ ಹೋಗುತ್ತದೆ ಎಂಬ ಎರಡೂ ಆ ಹತ್ತೂಮುಕ್ಕಾಲು ತಿಂಗಳಲ್ಲಿ ಕಾಣುತ್ತವೆ.

ಇನ್ನು ನನ್ನ ತಕರಾರು. ತಾಲ್ಲೂಕು ಬೋರ್ಡಿನ ಸದಸ್ಯ ಪ್ರಧಾನಿಯಾಗುವ ದಾರಿ ತೆರೆದಿತ್ತು ಎಂದೇ ಅವರ ಬದುಕು ನಮಗೆ ಪಾಠವಾಗುವುದು. ಆದರೆ ಹೊಳೆನರಸೀಪುರ ಕ್ಷೇತ್ರ ಮಗನಿಗೆ ಹೋಯಿತು. 2019ರಲ್ಲಿ ಹಾಸನ ಲೋಕಸಭಾ ಕ್ಷೇತ್ರ ಮೊಮ್ಮಗನಿಗೆ ಹೋಯಿತು. ಇದು ಅವರ ಮನೆಯೊಂದರ ಕಥೆಯಲ್ಲ, ಎಲ್ಲ ಪಕ್ಷಗಳಲ್ಲೂ ಇದೆ. ಆದರೂ ಇವರಿಂದ ನಾನು ಬೇರೆಯದನ್ನು ಬಯಸಿದ್ದೆ. 1962ರ ಹರದನಹಳ್ಳಿಯ ಹುಡುಗನಂಥವರು ಇಂದೂ ಪಂಚಾಯಿತಿಗಳಲ್ಲಿ ಇದ್ದಾರೆ, ಈ ಸಭಾಂಗಣದಲ್ಲಿಯೂ ಇರಬಹುದು. ಅವರು ಮೇಲೆ ಏರುವ ಮೆಟ್ಟಿಲಿನ ಮೇಲೆ ಆಗಲೇ ಒಬ್ಬರು ಕೂತಿರುತ್ತಾರೆ. ಈ ಮಾತನ್ನು ನೋವಿನಿಂದ ಹೇಳುತ್ತಿದ್ದೇನೆ.

2019ರಲ್ಲಿ ಅವರು ತುಮಕೂರಿಗೆ ಹೋಗಿ ನಿಂತರು. ಆ ಚುನಾವಣೆಯ ದೊಡ್ಡ ಮಾತು ಯಾವುದು ಗೊತ್ತೇ? ಹೇಮಾವತಿ. ತುಮಕೂರಿಗೆ ಬರಬೇಕಾದ ಹೇಮಾವತಿ ನೀರನ್ನು ಹಾಸನದವರು ತಡೆದರು ಎಂಬ ಆರೋಪವನ್ನು ಎದುರಾಳಿಗಳು ಊರೂರಿನಲ್ಲಿ ಹೇಳಿದರು. ಆರೋಪ ಎಷ್ಟು ನಿಜ ಎಂಬ ವಾದ ಇಂದಿಗೂ ಮುಗಿದಿಲ್ಲ. ಜಿ.ಎಸ್. ಬಸವರಾಜು ಅವರ ಎದುರು 13,339 ಮತಗಳಿಂದ ಸೋತರು. ಎರಡು ದೇಶಗಳ ನಡುವೆ ಸರದಿ ಹಾಕಿದವರಿಗೆ ಎರಡು ಜಿಲ್ಲೆಗಳ ನಡುವಿನ ಸರದಿಯ ಲೆಕ್ಕವನ್ನು ಜನ ಎಂಬತ್ತಾರನೇ ವಯಸ್ಸಿನಲ್ಲಿ ಕೇಳಿದರು. ನಾಲೆಯ ಕೊನೆಯ ಊರಿನವರು ಹಾಗೆಯೇ. ನೀರು ಬಂತೇ ಇಲ್ಲವೇ, ಅಷ್ಟನ್ನೇ ನೋಡುತ್ತಾರೆ. 2020ರಲ್ಲಿ ರಾಜ್ಯಸಭೆಗೆ ಅವಿರೋಧವಾಗಿ ಆಯ್ಕೆಯಾದರು. ಮರುವರ್ಷ ಫೆಬ್ರುವರಿಯಲ್ಲಿ ದೆಹಲಿಯ ಗಡಿಯಲ್ಲಿ ರೈತರು ಕೂತಿದ್ದಾಗ ಸದನದಲ್ಲಿ ಎದ್ದುನಿಂತು ಅವರ ಬಗ್ಗೆ ಮಾತನಾಡಿದರು.

ನನ್ನ ಮಾತು ಇಲ್ಲಿಗೆ ಮುಗಿಯಿತು. ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.

*

(ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಸದಸ್ಯೆ ಎದ್ದುನಿಂತರು. ಮೊದಲ ಸಲ ಗೆದ್ದವರು. “ಸಾರ್, ನಮ್ಮೂರಿನದೂ ನಾಲೆಯ ಕೊನೆಯೇ. ಎರಡು ಬೇಸಿಗೆ ನೀರು ಬಂದಿಲ್ಲ. ಶಾಸಕರ ಕೈಯಲ್ಲಿ ಸದನದಲ್ಲಿ ಪ್ರಶ್ನೆ ಕೇಳಿಸಬಹುದೇ?” ಎಂದರು. ಕೇಳಿಸಬಹುದು, ಬರೆದುಕೊಂಡು ಬಂದಿದ್ದೀರಾ ಎಂದೆ. ಸೆರಗಿನ ಮರೆಯಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಕೊಟ್ಟರು. ಊರಿನ ಹೆಸರಿತ್ತು, ಒಣಗಿದ ಎಕರೆಗಳ ಲೆಕ್ಕವಿತ್ತು, ಕೆಳಗೆ ಮೂವತ್ತು ಸಹಿ, ಹೆಬ್ಬೆಟ್ಟುಗಳಿದ್ದವು. “ತೂಬಿನ ನಂಬರು ಎಷ್ಟಮ್ಮ?” ಎಂದು ಕೇಳಿದೆ. ಅವರು ಒಂದು ಕ್ಷಣ ಯೋಚಿಸಿ, ಮೊಬೈಲ್ ತೆಗೆದು, ನೀರುಗಂಟಿಗೆ ಫೋನ್ ಮಾಡುತ್ತಾ ಬಾಗಿಲ ಕಡೆಗೆ ನಡೆದರು.)